ಕಲ್ಪಿತಕಥೆಯ ದುರ್ಗವೂ ಕೃತಕ ಪುಷ್ಪಿಕೆಯೂ

ಕಳೆದ ಮಾಘಮಾಸದಲ್ಲಿ ನಮ್ಮ ಗ್ರಂಥಭಂಡಾರಕ್ಕೆ ಒಬ್ಬ ತರುಣ ಬರಹಗಾರರು ಬಂದಿದ್ದರು. ಓಲೆಗರಿಯನ್ನು ಓದುವ ಅಭ್ಯಾಸ ಅವರಿಗಿರಲಿಲ್ಲ. ಬಂದ ಕಾರಣವೂ ಅದಲ್ಲ. ಯೂರೋಪಿನ ಮಧ್ಯಯುಗದ ಕಥೆಗಳ ಮಾದರಿಯಲ್ಲಿ, ಆದರೆ ಸಹ್ಯಾದ್ರಿಯ ಒಂದು ಕಲ್ಪಿತ ರಾಜ್ಯದಲ್ಲಿ ನಡೆಯುವ ಅದ್ಭುತಕಥೆಯೊಂದನ್ನು ಅವರು ಬರೆಯುತ್ತಿದ್ದಾರೆ. ಅದಕ್ಕೊಂದು ದುರ್ಗ ಬೇಕು. ದುರ್ಗದಲ್ಲಿ ವಾಸಿಸಲು ಹತ್ತು ಹನ್ನೆರಡು ಪಾತ್ರಗಳು ಬೇಕು. ಪಾತ್ರಗಳಿಗೆ ಹಳೆಯ ಹೆಸರುಗಳು ಬೇಕು. ಇದೆಲ್ಲಕ್ಕೂ ಮೇಲಾಗಿ, ಇಡೀ ಕಥೆ ಒಂದು ಪ್ರಾಚೀನ ಹಸ್ತಪ್ರತಿಯಲ್ಲಿ ದೊರೆಯಿತೆಂದು ಪೀಠಿಕೆಯಲ್ಲಿ ಹೇಳುವ ಅಪೇಕ್ಷೆ. ಹಸ್ತಪ್ರತಿಯ ವಿವರಣೆಯನ್ನು ನಾವು ಹೇಗೆ ಬರೆಯುತ್ತೇವೆ, ಗರಿಗಳ ಉದ್ದ ಅಗಲ, ಪಂಕ್ತಿಸಂಖ್ಯೆ, ಲಿಪಿಕಾರನ ಮಾತು ಇವೆಲ್ಲ ಯಾವ ಕ್ರಮದಲ್ಲಿ ಬರುತ್ತವೆ ಎಂಬುದನ್ನು ತಿಳಿಯಲು ಬಂದಿದ್ದರು. “ಓದುವವರು ನಂಬಬೇಕು ಗುರುಗಳೇ, ಅಷ್ಟೆ” ಎಂದರು.

ಓಲೆಯ ಕಟ್ಟುಗಳ ನಡುವೆ ಮೂವತ್ತು ವರ್ಷ ಕಳೆದವನಿಗೆ ಈ ಮಾತು ಹಿತವಾಗಲಿಲ್ಲ. ಪುಷ್ಪಿಕಾವಾಕ್ಯವೆಂದರೆ ನಮಗೆ ಒಂದು ಸಾಕ್ಷ್ಯ. ಅದನ್ನು ವಿನೋದಕ್ಕಾಗಿ ಕಲ್ಪಿಸಿಕೊಳ್ಳುವುದೆಂದರೇನು? ಆದರೂ ಬಂದವರನ್ನು ಬರಿಗೈಯಲ್ಲಿ ಕಳುಹಿಸುವುದು ಉಚಿತವಲ್ಲವೆಂದು ತಿಳಿದು, ಇಂಥ ಪೀಠಿಕೆಗಳಿಗೆ ಮಾದರಿಯೆನಿಸಿದ ಇಂಗ್ಲಿಷ್ ಗ್ರಂಥವೊಂದನ್ನು ತರಿಸಿಕೊಂಡು ಓದಿದೆ. ಓದಿದ ಮೇಲೆ ಹುಟ್ಟಿದ ವಿಚಾರಗಳನ್ನು ವಿದ್ವಾಂಸರ ಮುಂದಿಡುವುದೇ ಪ್ರಕೃತ ಲೇಖನದ ಉದ್ದೇಶ. ಜೈನಗ್ರಂಥಗಳ ಅಧ್ಯಯನಕ್ಕೆ ಮೀಸಲಾದ ಈ ಪತ್ರಿಕೆಯಲ್ಲಿ ಪರದೇಶದ ಕಾದಂಬರಿಯ ಪ್ರಸ್ತಾಪವೇಕೆ ಎಂಬ ಆಕ್ಷೇಪಕ್ಕೆ ಉತ್ತರ ಮುಂದೆ ತಾನಾಗಿಯೇ ದೊರೆಯುವುದೆಂದು ನಂಬಿದ್ದೇನೆ.

ಆ ಗ್ರಂಥ ‘ಒಟ್ರಾಂಟೋ ದುರ್ಗ’. ೧೭೬೪ನೆಯ ಇಸವಿ ಡಿಸೆಂಬರ್ ತಿಂಗಳ ಕೊನೆಯಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಮುಖಪುಟದ ಮೇಲೆ ಮಾತ್ರ ೧೭೬೫ ಎಂದಿದೆ. ಒಟ್ರಾಂಟೋ ಪಟ್ಟಣದ ಸಂತ ನಿಕೊಲಸನ ಚರ್ಚಿನ ಪಾದ್ರಿ ಒನುಫ್ರಿಯೋ ಮುರಾಲ್ಟೋ ಎಂಬುವನು ಇಟಾಲಿಯನ್ ಭಾಷೆಯಲ್ಲಿ ಬರೆದುದನ್ನು ವಿಲಿಯಂ ಮಾರ್ಷಲ್ ಎಂಬ ಸಂಭಾವಿತನು ಅನುವಾದಿಸಿದನೆಂದು ಅದೇ ಪುಟ ಹೇಳುತ್ತದೆ. ಮುರಾಲ್ಟೋ ಎಂಬ ಪಾದ್ರಿ ಇರಲೇ ಇಲ್ಲ, ಮಾರ್ಷಲನೂ ಇರಲಿಲ್ಲ. ಬರೆದವನು ಹೊರೇಸ್ ವಾಲ್ಪೋಲ್ (೧೭೧೭–೧೭೯೭), ಇಂಗ್ಲೆಂಡಿನ ಪ್ರಧಾನಿಯಾಗಿದ್ದ ರಾಬರ್ಟ್ ವಾಲ್ಪೋಲನ ಮಗ, ಪಾರ್ಲಿಮೆಂಟಿನ ಸದಸ್ಯ, ಪುರಾತನ ವಸ್ತುಗಳ ಸಂಗ್ರಾಹಕ.

ಈ ಗ್ರಂಥದ ಕಥಾಭಾಗಕ್ಕಿಂತ ಪೀಠಿಕೆಯೇ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿತೆಂದು ಒಪ್ಪಿಕೊಳ್ಳಬೇಕು. ಉತ್ತರ ಇಂಗ್ಲೆಂಡಿನ ಒಂದು ಹಳೆಯ ಕ್ಯಾಥೊಲಿಕ್ ಮನೆತನದ ಗ್ರಂಥಾಲಯದಲ್ಲಿ ಪುಸ್ತಕ ದೊರೆಯಿತು. ಅದು ೧೫೨೯ರಲ್ಲಿ ನೇಪಲ್ಸಿನಲ್ಲಿ ಹಳೆಯ ಕಪ್ಪಕ್ಷರದಲ್ಲಿ ಅಚ್ಚಾದುದು. ಅದಕ್ಕೆ ಎಷ್ಟು ಮುಂಚೆ ರಚಿತವಾಯಿತೆಂಬುದು ತಿಳಿಯದು ಎಂದು ಕೃತಕ ಅನುವಾದಕನು ಆರಂಭಿಸುತ್ತಾನೆ. ಅಲ್ಲಿಂದ ಮುಂದೆ ಕಾಲನಿರ್ಣಯ. ಘಟನೆಗಳು ೧೦೯೫ ಮತ್ತು ೧೨೪೩ರ ನಡುವೆ, ಎಂದರೆ ಮೊದಲ ಹಾಗೂ ಕೊನೆಯ ಧರ್ಮಯುದ್ಧಗಳ ನಡುವೆ, ಇಲ್ಲವೆ ಅದರ ಸಮೀಪದಲ್ಲಿ ನಡೆದಿರಬೇಕು ಎನ್ನುತ್ತಾನೆ. ಆದರೆ ಭಾಷೆ ಅಷ್ಟು ಹಳೆಯದಲ್ಲ. ಮತ್ತೆ, ಕಥೆಯ ಸೇವಕರ ಹೆಸರುಗಳು ಸ್ಪೇನ್ ದೇಶದವು. ನೇಪಲ್ಸಿನಲ್ಲಿ ಆರಗಾನ್ ಅರಸರ ಆಳಿಕೆ ನೆಲೆಗೊಂಡ ಮೇಲೆಯೇ ಇಂಥ ಹೆಸರುಗಳು ಅಲ್ಲಿ ಬಳಕೆಗೆ ಬಂದಿರಬೇಕಾದ್ದರಿಂದ, ಗ್ರಂಥರಚನೆ ಅದಕ್ಕೂ ಈಚಿನದು!

ವಿದ್ವಾಂಸರು ಈ ವಾದವನ್ನು ಗಮನಿಸಬೇಕು. ಭಾಷಾಸ್ವರೂಪದಿಂದ ಒಂದು ಮಿತಿ, ವ್ಯಕ್ತಿನಾಮಗಳಿಂದ ಇನ್ನೊಂದು ಮಿತಿ: ನಾವು ಪ್ರತಿದಿನ ಮಾಡುವ ಕೆಲಸವೇ ಇದು. ಕಾಲ ತಿಳಿಯದ ಪ್ರತಿಯೊಂದು ಕೈಗೆ ಬಂದಾಗ ನಾನೂ ಇದೇ ದಾರಿಯಲ್ಲಿ ನಡೆಯುತ್ತಿದ್ದೆ. ಇಲ್ಲಿ ಹೆಸರುಗಳನ್ನು ಇಟ್ಟವನೂ ಆ ಹೆಸರುಗಳಿಂದ ಕಾಲವನ್ನು ಕಂಡುಹಿಡಿದವನೂ ಒಬ್ಬನೇ. ನೆಲದಲ್ಲಿ ತಾನೇ ಹೂಳಿದ ನಾಣ್ಯವನ್ನು ತಾನೇ ಅಗೆದು ತೆಗೆದು, ಊರಿನ ಪ್ರಾಚೀನತೆಯನ್ನು ಸ್ಥಾಪಿಸಿದಂತಾಯಿತು. ಅಲ್ಲಿಯೂ ಒಂದು ಎಡವಟ್ಟಿದೆ. ಕಥೆಯ ಮೂಲಪುರುಷನಾದ ಅಲ್ಫೋನ್ಸೋ ಎಂಬುವನ ಹೆಸರೂ ಸ್ಪೇನಿನ ಕಡೆಯದೇ. ೧೪೪೨ರಲ್ಲಿ ನೇಪಲ್ಸನ್ನು ಗೆದ್ದ ಆರಗಾನ್ ಅರಸನೂ ಅಲ್ಫೋನ್ಸೋ. ಸೇವಕರ ಹೆಸರನ್ನು ಶೋಧಿಸಿದ ಪೀಠಿಕಾಕಾರನಿಗೆ ಸ್ವಾಮಿಯ ಹೆಸರು ಕಾಣಲಿಲ್ಲ.

ದುರ್ಗದ ವಿಷಯಕ್ಕೆ ಬರೋಣ. ಯೂರೋಪಿನ ಮಧ್ಯಯುಗದ ದುರ್ಗ ನಮ್ಮ ಊರುಕೋಟೆಯಂತಲ್ಲ; ಅದು ಪಾಳೆಯಗಾರನ ಮನೆಯೂ ಹೌದು, ಕೋಟೆಯೂ ಹೌದು. ವಾಲ್ಪೋಲನ ಕಥೆಯಲ್ಲಿ ಅಂಗಳ, ಉದ್ದ ಮೊಗಸಾಲೆ, ಮೆಟ್ಟಿಲ ಸಾಲು, ಪ್ರಾರ್ಥನಾಗೃಹ, ನೆಲಮಾಳಿಗೆಗಳಿವೆ. ನೆಲಮಾಳಿಗೆಯಿಂದ ಸಂತ ನಿಕೊಲಸನ ಚರ್ಚಿಗೆ ಸುರಂಗವೂ ಇದೆ. ಇಸಬೆಲ್ಲಾ ಎಂಬ ಕನ್ಯೆ ದೀಪ ಹಿಡಿದು ಆ ಕತ್ತಲೆಯ ದಾರಿಯಲ್ಲಿ ಓಡುವುದು, ಗಾಳಿಗೆ ದೀಪ ಆರುವುದು, ನೆಲದ ಗುಪ್ತದ್ವಾರದ ಬೀಗವನ್ನು ಹುಡುಕುವುದು ಇವು ಓದುಗನ ಮನಸ್ಸಿನಲ್ಲಿ ನಿಲ್ಲುತ್ತವೆ. ಬಲಗಡೆಯ ಕೋಣೆ, ಎಡಗಡೆಯ ಬಾಗಿಲು, ಪ್ರಾರ್ಥನಾಗೃಹದಿಂದ ಇಂಥ ಕೋಣೆಗೆ ಇಷ್ಟು ದೂರ ಎಂಬ ಮಾತುಗಳು ಕಥೆಯಲ್ಲಿ ಬರುವುದರಿಂದ, ಗ್ರಂಥಕಾರನ ಕಣ್ಣ ಮುಂದೆ ನಿಜವಾದ ಯಾವುದೋ ಒಂದು ದುರ್ಗ ಇದ್ದಿರಲೇಬೇಕೆಂದು ಪೀಠಿಕೆ ಊಹಿಸುತ್ತದೆ.

ಸೋಜಿಗವೆಂದರೆ, ಸುಳ್ಳಿನ ಪೀಠಿಕೆಯಲ್ಲಿ ಈ ಊಹೆ ಮಾತ್ರ ನಿಜ. ಥೇಮ್ಸ್ ನದಿಯ ಬಳಿ ಟ್ವಿಕನಂ ಎಂಬಲ್ಲಿ ಸ್ಟ್ರಾಬೆರಿ ಹಿಲ್ ಎಂಬ ಚಿಕ್ಕ ಮನೆಯನ್ನು ವಾಲ್ಪೋಲನು ಪಡೆದು, ಹಲವು ವರ್ಷಗಳ ಕಾಲ ತೆನೆಗೋಡೆ, ಗೋಪುರ, ಬಣ್ಣದ ಗಾಜಿನ ಕಿಟಕಿಗಳಿಂದ ಅದನ್ನು ಮಧ್ಯಯುಗದ ದುರ್ಗದಂತೆ ಮಾರ್ಪಡಿಸಿದ್ದನು. ಅದರ ಮೊಗಸಾಲೆಯ ಮೇಲ್ಛಾವಣಿ ವೆಸ್ಟ್‌ಮಿನ್‌ಸ್ಟರಿನ ಏಳನೆಯ ಹೆನ್ರಿಯ ಪ್ರಾರ್ಥನಾಗೃಹದ ಕಲ್ಲಿನ ಕೆಲಸದ ಅನುಕರಣೆ. ಆದರೆ ಕಲ್ಲಿನಿಂದಲ್ಲ, ಕಾಗದದ ಮುದ್ದೆಯಿಂದ ಮಾಡಿದ್ದು. ಒಂದು ರಾತ್ರಿ ಕನಸಿನಲ್ಲಿ ತಾನೊಂದು ಹಳೆಯ ದುರ್ಗದಲ್ಲಿದ್ದು, ದೊಡ್ಡ ಮೆಟ್ಟಿಲ ಸಾಲಿನ ಮೇಲ್ತುದಿಯ ಕಟಕಟೆಯ ಮೇಲೆ ಕವಚ ತೊಟ್ಟ ಬೃಹತ್ತಾದ ಕೈಯೊಂದನ್ನು ಕಂಡೆನೆಂದೂ, ಅದರಿಂದಲೇ ಕಥೆ ಹುಟ್ಟಿ ಎರಡು ತಿಂಗಳೊಳಗೆ ಮುಗಿಯಿತೆಂದೂ ೧೭೬೫ರ ಮಾರ್ಚ್ ೯ರಂದು ತನ್ನ ಸ್ನೇಹಿತ ವಿಲಿಯಂ ಕೋಲನಿಗೆ ಆತನೇ ಬರೆದಿದ್ದಾನೆ. ಎಂದರೆ ದುರ್ಗ ತನ್ನ ಮನೆಯದು, ಕೈ ಕನಸಿನದು.

ಹೆಸರೋ, ನಕ್ಷೆಯದು. ೧೭೮೬ರಲ್ಲಿ ಲೇಡಿ ಕ್ರೇವನ್ ಎಂಬಾಕೆ ಇಟಲಿಯ ಒಟ್ರಾಂಟೋ ಕೋಟೆಯ ಚಿತ್ರವನ್ನು ಕಳುಹಿಸಿದಾಗ, ಅಲ್ಲೊಂದು ಕೋಟೆ ಇದೆಯೆಂದೇ ತನಗೆ ತಿಳಿದಿರಲಿಲ್ಲ, ಕಥೆ ಮುಗಿದ ಮೇಲೆ ನೇಪಲ್ಸ್ ರಾಜ್ಯದ ನಕ್ಷೆಯಲ್ಲಿ ಕಿವಿಗೆ ಗಂಭೀರವಾಗಿ ಕೇಳುವ ಹೆಸರನ್ನು ಹುಡುಕಿ ಇಟ್ಟೆನೆಂದು ಆತ ಉತ್ತರಿಸಿದನು. ಇಂದು ಅಲ್ಲಿ ಕಾಣುವ ಕೋಟೆಯಾದರೂ ೧೪೮೦ರಲ್ಲಿ ತುರ್ಕರು ಪಟ್ಟಣವನ್ನು ಹಿಡಿದ ಅನಂತರ ಆರಗಾನ್ ಅರಸರ ಕಾಲದಲ್ಲಿ ಮತ್ತೆ ಕಟ್ಟಿಸಿದ್ದು. ಕಥೆಯ ಕಾಲಕ್ಕೆ ಅದು ಇರಲೇ ಇಲ್ಲ.

ಸ್ಥಳದ ಹೆಸರಿನಲ್ಲಿ ಇಷ್ಟು ಅಲಕ್ಷ್ಯ ತೋರಿದವನು ಪಾತ್ರಗಳ ಹೆಸರಿನಲ್ಲಿ ಹಾಗೆ ಮಾಡಿಲ್ಲ. ಕಥೆಯ ದುಷ್ಟನಾಯಕ ಮ್ಯಾನ್‌ಫ್ರೆಡ್, ಅವನ ಮಗ ಕಾನ್ರಾಡ್, ಪ್ರತಿಸ್ಪರ್ಧಿ ಫ್ರೆಡರಿಕ್. ಚಕ್ರವರ್ತಿ ಎರಡನೆಯ ಫ್ರೆಡರಿಕನ ಮಗನಾದ ಐತಿಹಾಸಿಕ ಮ್ಯಾನ್‌ಫ್ರೆಡನು ತನ್ನ ಅಣ್ಣನ ಮಗನ ಹಕ್ಕನ್ನು ಬದಿಗೊತ್ತಿ ೧೨೫೮ರಲ್ಲಿ ಸಿಸಿಲಿಯ ಕಿರೀಟ ಧರಿಸಿದವನು. ೧೨೬೬ರಲ್ಲಿ ಬೆನೆವೆಂಟೋ ಯುದ್ಧದಲ್ಲಿ ಮಡಿದವನು. ಕಾನ್ರಾಡ್ ಎಂಬುದು ಆ ಅಣ್ಣನ ಹೆಸರು. ಚರಿತ್ರೆ ಬಲ್ಲ ಓದುಗನಿಗೆ ಮ್ಯಾನ್‌ಫ್ರೆಡನ ಹೆಸರು ಕಿವಿಗೆ ಬಿದ್ದೊಡನೆ ಪರರ ಪೀಠವನ್ನು ಆಕ್ರಮಿಸಿದವನೆಂಬ ಸಂಶಯ ಏಳುತ್ತದೆ. ಹೆಸರು ಕಥೆಗಿಂತ ಮುಂಚೆಯೇ ಅರ್ಧ ಕಥೆಯನ್ನು ಹೇಳಿಬಿಡುತ್ತದೆ. ನಮ್ಮ ತರುಣ ಮಿತ್ರರು ಶಾಸನಗಳಿಂದ ಹೆಸರುಗಳನ್ನು ಬಾಚಿ ಪಟ್ಟಿ ಮಾಡಿಕೊಂಡಿದ್ದರು. ಯಾವ ಹೆಸರು ಏನು ಕೆಲಸ ಮಾಡುತ್ತದೆಂದು ಕೇಳಿದಾಗ ಅವರಲ್ಲಿ ಉತ್ತರವಿರಲಿಲ್ಲ.

ಕಥೆಯ ಒಳಗಿನ ಒಂದು ಸಂಗತಿ ಹಸ್ತಪ್ರತಿಗಳ ಅಭ್ಯಾಸಿಗೆ ವಿಶೇಷವಾಗಿ ತಟ್ಟುವಂಥದು. ಮದುವೆಯ ದಿನವೇ ಕಾನ್ರಾಡನ ಮೇಲೆ ಮನುಷ್ಯಪ್ರಮಾಣಕ್ಕಿಂತ ನೂರುಪಟ್ಟು ದೊಡ್ಡದಾದ ಶಿರಸ್ತ್ರಾಣವೊಂದು ಬಿದ್ದು ಅವನು ಸಾಯುತ್ತಾನೆ. ವಂಶ ಉಳಿಯಬೇಕೆಂದು ಮ್ಯಾನ್‌ಫ್ರೆಡನು ಪತ್ನಿ ಹಿಪ್ಪೊಲಿಟಾಳನ್ನು ತ್ಯಜಿಸಿ ಮಗನ ವಧುವನ್ನೇ ಬಯಸುತ್ತಾನೆ. ಕೊನೆಯಲ್ಲಿ ಸತ್ಯ ಹೊರಬೀಳುತ್ತದೆ: ಮ್ಯಾನ್‌ಫ್ರೆಡನ ಅಜ್ಜ ರಿಕಾರ್ಡೋ ತನ್ನ ಒಡೆಯ ಅಲ್ಫೋನ್ಸೋಗೆ ವಿಷವಿಕ್ಕಿ, ಸುಳ್ಳು ಮರಣಪತ್ರವೊಂದರ ಬಲದಿಂದ ಒಟ್ರಾಂಟೋವನ್ನು ದಕ್ಕಿಸಿಕೊಂಡಿದ್ದನು. ಸುಳ್ಳು ಓಲೆಯ ಮೇಲೆ ನಿಂತ ದುರ್ಗ, ಅದನ್ನು ಹೇಳುವ ಸುಳ್ಳು ಗ್ರಂಥ! ಜೆರೋಮ್ ಎಂಬ ಸನ್ಯಾಸಿ ನಿಜವಾದ ವಾರಸಿಕೆಗೆ ಪ್ರಾಮಾಣಿಕ ಲಿಖಿತವಿದೆಯೆಂದಾಗ, ಕಣ್ಣಾರೆ ಕಂಡ ಉತ್ಪಾತಗಳು ಸಾವಿರ ಚರ್ಮಪತ್ರಗಳಿಗಿಂತ ಹೆಚ್ಚಿನ ಪ್ರಮಾಣವೆಂದು ಮ್ಯಾನ್‌ಫ್ರೆಡನೇ ಒಪ್ಪಿಕೊಳ್ಳುತ್ತಾನೆ. ಲಿಖಿತವನ್ನು ಯಾರೂ ಓದಿ ಪರೀಕ್ಷಿಸುವುದಿಲ್ಲ. ವಾಲ್ಪೋಲನು ಇದನ್ನು ಉದ್ದೇಶಪಟ್ಟು ಹೆಣೆದನೋ ಇಲ್ಲವೋ, ಬಲ್ಲವರು ಹೇಳಬೇಕು. ನನಗಂತೂ ಪುಸ್ತಕದ ಜೀವ ಇಲ್ಲಿದೆಯೆಂದು ತೋರುತ್ತದೆ, ಶಿರಸ್ತ್ರಾಣದಲ್ಲಲ್ಲ.

ಇಷ್ಟು ಗುಣವನ್ನು ಎತ್ತಿ ಹೇಳಿದ ಮೇಲೆ ದೋಷವನ್ನೂ ಹೇಳಬೇಕು. ಹದಿನೈದು ವರ್ಷದ ರೋಗಿಷ್ಠ ಹುಡುಗ ಕಾನ್ರಾಡ್ ಯಾವ ಪಾಪಕ್ಕಾಗಿ ಸತ್ತ? ಅವನ ಅಕ್ಕ ಮಟಿಲ್ಡಾ, ಕಥೆಯಲ್ಲೆಲ್ಲ ನಿಷ್ಕಳಂಕಳು, ತಂದೆಯ ಕಠಾರಿಗೆ ಬೇರೊಬ್ಬಳೆಂಬ ಭ್ರಮೆಯಿಂದ ಗುರಿಯಾಗುತ್ತಾಳೆ. ಅಜ್ಜನ ಪಾಪ ಮೊಮ್ಮಕ್ಕಳನ್ನೂ ಮರಿಮಕ್ಕಳನ್ನೂ ಮುಟ್ಟುತ್ತದೆಂಬ ಅವರ ಶಾಸ್ತ್ರವಚನವೇ ಕಥೆಯ ತಾತ್ಪರ್ಯ. ಇದಕ್ಕಿಂತ ಉಪಯುಕ್ತವಾದ ತಾತ್ಪರ್ಯ ಇರಬಹುದಿತ್ತೆಂದು ಕೃತಕ ಅನುವಾದಕನೇ ಪೀಠಿಕೆಯಲ್ಲಿ ಹೇಳಿಕೊಂಡಿದ್ದಾನೆ. ಆ ಮಾತನ್ನು ಆತ ಮುಂದುವರಿಸಿದ್ದರೆ ಚೆನ್ನಾಗಿತ್ತು. ಕರ್ತೃವೇ ಭೋಕ್ತೃವೆಂದು ತಿಳಿದ ನಮಗೆ ಈ ಲೆಕ್ಕ ಸರಿಹೋಗುವುದಿಲ್ಲ. ನಮ್ಮ ಕಥಾಕಾರನಾಗಿದ್ದರೆ ಕಾನ್ರಾಡನ, ಮಟಿಲ್ಡೆಯ ಭವಾವಳಿಯನ್ನು ಹೇಳದೆ ಕಥೆ ಮುಗಿಸುತ್ತಿರಲಿಲ್ಲ. ಭವಾವಳಿಗಳು ಕಥೆಯ ಓಟವನ್ನು ತಡೆಯುತ್ತವೆಂದು ಆಧುನಿಕ ವಿಮರ್ಶಕರು ದೂರುವುದುಂಟು. ತಡೆಯುತ್ತವೆ, ನಿಜ. ಆದರೆ ಅವಿಲ್ಲದ ಕಡೆ ನಿರಪರಾಧಿಯ ಸಾವು ಅಲಂಕಾರವಾಗಿಬಿಡುತ್ತದೆಂಬುದಕ್ಕೆ ಈ ಪುಸ್ತಕ ಒಳ್ಳೆಯ ಉದಾಹರಣೆ. ಕೊನೆಯಲ್ಲಿ ಮ್ಯಾನ್‌ಫ್ರೆಡನೂ ಹಿಪ್ಪೊಲಿಟಾಳೂ ಮಠಗಳನ್ನು ಸೇರುತ್ತಾರೆ. ನಮ್ಮ ಪುರಾಣಗಳ ಓದುಗರಿಗೆ ಪರಿಚಿತವಾದ ಮುಕ್ತಾಯ. ಆದರೆ ಮ್ಯಾನ್‌ಫ್ರೆಡನದು ನಿರ್ವೇಗದಿಂದ ಹುಟ್ಟಿದ ದೀಕ್ಷೆಯಲ್ಲ, ದುರ್ಗ ಕುಸಿದು ಬಿದ್ದಾಗ ಹೋಗಲು ಬೇರೆ ಕಡೆ ಇಲ್ಲದವನ ನಿರ್ಗಮನ.

ಈಗ ನಮ್ಮ ಪರಂಪರೆಯ ಕಡೆ ತಿರುಗಬಹುದು. ಪಾತ್ರಗಳನ್ನು ಕಲ್ಪಿಸುವುದು ಜೈನಾಚಾರ್ಯರಿಗೆ ನಿಷಿದ್ಧವಾಗಿರಲಿಲ್ಲ. ದಶವೈಕಾಲಿಕ ನಿರ್ಯುಕ್ತಿ ಉದಾಹರಣೆಗಳನ್ನು ಚರಿತ, ಕಲ್ಪಿತವೆಂದು ಎರಡಾಗಿ ಎಣಿಸುತ್ತದೆ. ಶ್ವೇತಾಂಬರ ಆಗಮಗಳಲ್ಲಿ ಒಂದಾದ ಅನುಯೋಗದ್ವಾರಸೂತ್ರದಲ್ಲಿ ಉದುರುವ ಹಣ್ಣೆಲೆಯೂ ಚಿಗುರೂ ಮಾತನಾಡುವ ಪ್ರಸಂಗವಿದೆ; ಮರುಕ್ಷಣವೇ ಸೂತ್ರಕಾರನು ಇಂಥ ಸಂಭಾಷಣೆ ನಡೆದದ್ದೂ ಇಲ್ಲ, ನಡೆಯುವುದೂ ಇಲ್ಲ, ಭವ್ಯಜೀವಿಗಳ ಪ್ರಬೋಧಕ್ಕಾಗಿ ಮಾಡಿದ ಉಪಮೆಯಿದು ಎಂದು ತಿಳಿಸಿಬಿಡುತ್ತಾನೆ. ವಾಲ್ಪೋಲನ ಪೀಠಿಕೆಯನ್ನೂ ಈ ಮಾತನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಅಲ್ಲಿ ಕಲ್ಪಿತವನ್ನು ಚರಿತವೆಂದು ನಂಬಿಸಲು ಹತ್ತು ಪ್ರಮಾಣಗಳು. ಇಲ್ಲಿ ಕಲ್ಪಿತವನ್ನು ಕಲ್ಪಿತವೆಂದೇ ಹೇಳಿ, ಅದರಿಂದ ಅದರ ಬಲ ಕುಗ್ಗಲಿಲ್ಲವೆಂಬ ನಿಶ್ಚಿಂತೆ.

ಸಿದ್ಧರ್ಷಿಯ ‘ಉಪಮಿತಿಭವಪ್ರಪಂಚಕಥೆ’ (ಕ್ರಿ.ಶ. ೯೦೬) ಈ ನಿಶ್ಚಿಂತೆಯ ಮೇಲೆಯೇ ಕಟ್ಟಿದ ಮಹಾನಗರ. ಪೀಟರ್‌ಸನ್ ಮತ್ತು ಯಾಕೋಬಿ ಸಂಪಾದಿಸಿದ ಮುದ್ರಣವನ್ನು ಬಲ್ಲ ವಿದ್ವಾಂಸರಿಗೆ ಅದರ ವಿಸ್ತಾರವನ್ನು ಹೇಳಬೇಕಾಗಿಲ್ಲ. ಅದರ ನಾಲ್ಕನೆಯ ಪ್ರಸ್ತಾವದಲ್ಲಿ ವಿಮರ್ಶ, ಪ್ರಕರ್ಷರೆಂಬ ಸೋದರಮಾವ ಸೋದರಳಿಯಂದಿರು ರಸನೆ ಎಂಬುವಳ ಹುಟ್ಟು ಎಲ್ಲಿಯದೆಂದು ಹುಡುಕುತ್ತ ಚಿತ್ತವೃತ್ತಿಯೆಂಬ ಅಡವಿಯನ್ನು ಹೊಗುತ್ತಾರೆ. ಅಲ್ಲಿ ಪ್ರಮತ್ತತೆಯೆಂಬ ನದಿ. ನದಿಯಲ್ಲಿ ತದ್ವಿಲಸಿತವೆಂಬ ಮರಳದಿಣ್ಣೆ. ದಿಣ್ಣೆಯ ಮೇಲೆ ಚಿತ್ತವಿಕ್ಷೇಪಮಂಟಪ. ಮಂಟಪದಲ್ಲಿ ತೃಷ್ಣೆಯೆಂಬ ವೇದಿಕೆ. ವೇದಿಕೆಯ ಮೇಲೆ ವಿಪರ್ಯಾಸವೆಂಬ ಸಿಂಹಾಸನ. ಅದರಲ್ಲಿ ಕುಳಿತವನು ಅವಿದ್ಯೆಯನ್ನೇ ಶರೀರವಾಗಿ ಉಳ್ಳ ಮುದುಕ ಮಹಾಮೋಹ. ಇದೂ ಒಂದು ರಾಜಾಸ್ಥಾನವೇ, ಅಡವಿಯ ನಡುವಿನ ಬೀಡೇ. ಆದರೆ ಒಂದು ಕಲ್ಲೂ ಸುಮ್ಮನೆ ಇಟ್ಟದ್ದಲ್ಲ. ಮರಳದಿಣ್ಣೆಯ ಮೇಲೆ ಮಂಟಪ ನಿಲ್ಲದೆಂದು ಓದುಗನಿಗೆ ಯಾರೂ ಹೇಳಬೇಕಾಗಿಲ್ಲ. ಇದಕ್ಕೆ ಎದುರಾಗಿ ವಿವೇಕಪರ್ವತದ ಅಪ್ರಮತ್ತತೆಯ ಶಿಖರದಲ್ಲಿ ಜೈನಪುರ. ಅಲ್ಲಿ ಚಿತ್ತಸಮಾಧಾನಮಂಟಪ, ಜೀವವೀರ್ಯವೆಂಬ ಸಿಂಹಾಸನ, ಚಾರಿತ್ರಧರ್ಮನೆಂಬ ಅರಸು. ಒಂದು ಮಂಟಪ ಮರಳಿನ ಮೇಲೆ, ಇನ್ನೊಂದು ಬಂಡೆಯ ಮೇಲೆ.

ರೂಪಕಕಥೆಯ ಪಾತ್ರಗಳು ಹೆಸರಿನ ಹಲಗೆಗಳಷ್ಟೇ, ಮನುಷ್ಯರಲ್ಲ ಎಂಬ ಆಕ್ಷೇಪವನ್ನು ಬಲ್ಲೆ. ಸಿದ್ಧರ್ಷಿಯ ಕೆಲವು ಭಾಗಗಳಿಗೆ ಅದು ಸಲ್ಲುತ್ತದೆ ಕೂಡ. ಅದಕ್ಕೆ ಪರಿಹಾರ ಉದ್ಯೋತನಸೂರಿಯ ‘ಕುವಲಯಮಾಲೆ’ಯಲ್ಲಿದೆ. ಚಂಡಸೋಮ, ಮಾನಭಟ, ಮಾಯಾದಿತ್ಯ, ಲೋಭದೇವ, ಮೋಹದತ್ತರೆಂಬ ಐವರ ಹೆಸರುಗಳಲ್ಲೇ ಅವರವರ ಕಷಾಯ ಅಚ್ಚೊತ್ತಿದೆ. ಆದರೂ ಮಾನಭಟನನ್ನು ನೋಡಿರಿ: ಮುನಿದ ಹೆಂಡತಿ ಕಾಲಿಗೆ ಬಿದ್ದರೂ ಒಲಿಯಲಿಲ್ಲವೆಂದು ಅವನ ಅಭಿಮಾನಕ್ಕೆ ಪೆಟ್ಟಾಗುತ್ತದೆ, ಬಾವಿಗೆ ಕಲ್ಲೊಂದನ್ನು ಎಸೆದು ಮರೆಯಲ್ಲಿ ನಿಲ್ಲುತ್ತಾನೆ. ಅವನೇ ಬಿದ್ದನೆಂದು ಹೆಂಡತಿ ಹಾರುತ್ತಾಳೆ. ಅವಳ ಹಿಂದೆ ತಾಯಿ, ತಂದೆ. ಇಲ್ಲಿ ಹೆಸರು ಹಲಗೆಯಾಗಿ ಉಳಿದಿಲ್ಲ. ಆ ಕಲ್ಲು ನೀರಿಗೆ ಬಿದ್ದ ಸದ್ದು ಒಟ್ರಾಂಟೋದ ಶಿರಸ್ತ್ರಾಣಕ್ಕಿಂತ ಭಯಂಕರ. ಇಷ್ಟು ಕಲ್ಪಿಸಿದ ಉದ್ಯೋತನನು ತನ್ನ ಬಗ್ಗೆ ಹೇಳುವಾಗ ಮಾತ್ರ ಕಲ್ಪನೆಯನ್ನು ದೂರವಿಟ್ಟಿದ್ದಾನೆ: ಶಕವರ್ಷ ೭೦೦ ತುಂಬಲು ಒಂದು ದಿನ ಉಳಿದಿರುವಾಗ ಜಾಬಾಲಿಪುರದ ಋಷಭಜಿನಾಲಯದಲ್ಲಿ ಕೃತಿ ಮುಗಿಯಿತೆಂದು ಬರೆದಿಟ್ಟಿದ್ದಾನೆ. ಕ್ರಿ.ಶ. ೭೭೯ರ ಮಾರ್ಚ್ ತಿಂಗಳೆಂದು ನಾವು ಇಂದು ಬೆರಳಿಟ್ಟು ತೋರಿಸಬಹುದು. ನಮ್ಮ ನಾಡಿನ ಆ. ನೇ. ಉಪಾಧ್ಯೆಯವರು ಜೈಸಲಮೇರಿನ ಓಲೆಪ್ರತಿಯನ್ನೂ ಪುಣೆಯ ಕಾಗದಪ್ರತಿಯನ್ನೂ ಹೋಲಿಸಿ ಆ ಗ್ರಂಥವನ್ನು ೧೯೫೯ರಲ್ಲಿ ಬೆಳಕಿಗೆ ತಂದದ್ದನ್ನು ಇಲ್ಲಿ ಸ್ಮರಿಸದೆ ಇರಲಾರೆ.

ಕನ್ನಡದ ನೇಮಿಚಂದ್ರನ ‘ಲೀಲಾವತಿ’ಯನ್ನು ಈ ಪ್ರಸಂಗದಲ್ಲಿ ಬಿಡುವಂತಿಲ್ಲ. ಸುಬಂಧುವಿನ ‘ವಾಸವದತ್ತೆ’ಯ ಕನಸಿನ ಪ್ರಣಯವನ್ನು ಎತ್ತಿಕೊಂಡ ಕವಿ ಕಂದರ್ಪಕೇತುವನ್ನು ಕಂದರ್ಪದೇವನನ್ನಾಗಿ ಮಾಡಿ, ಬನವಾಸಿಯ ಜಯಂತೀಪುರದಲ್ಲಿ ನೆಲೆಗೊಳಿಸಿದನು. ಕಥೆ ಎರವಲಿನದು, ನೆಲ ಸ್ವಂತದ್ದು. ವಾಲ್ಪೋಲನು ಇದಕ್ಕೆ ವಿರುದ್ಧವಾಗಿ ನಡೆದನು: ಸ್ವಂತ ಮನೆಯನ್ನು ಒಯ್ದು ಕಾಣದ ಊರಿನಲ್ಲಿಟ್ಟನು.

ಕಲ್ಪಿತ ವಸ್ತುವಿಗೆ ಫಲವಿಲ್ಲವೆಂದು ಭಾವಿಸುವವರು ಜನ್ನನ ‘ಯಶೋಧರ ಚರಿತೆ’ಯನ್ನು (೧೨೦೯) ನೆನೆಯಬೇಕು. ಅಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ. ಆದರೂ ಸಂಕಲ್ಪ ನಿಜವಾಗಿದ್ದುದರಿಂದ ಯಶೋಧರನೂ ಚಂದ್ರಮತಿಯೂ ಜನ್ಮಜನ್ಮಗಳಲ್ಲಿ ತೊಳಲಿದರು. ಕಾಗದದ ಮುದ್ದೆಯ ಛಾವಣಿಯ ಕೆಳಗೆ ಕುಳಿತು ಬರೆದ ಸುಳ್ಳು ಪೀಠಿಕೆಗೂ ಹೀಗೆ ಬಂಧವುಂಟೋ? ಉಂಟೆಂದು ಖಂಡಿತವಾಗಿ ಹೇಳುವ ಧೈರ್ಯ ನನಗಿಲ್ಲ. ಕಾರಣ, ನನ್ನದೇ ಒಂದು ಪ್ರಮಾದವನ್ನು ಮೊದಲು ನಿವೇದಿಸಬೇಕಾಗಿದೆ.

ವೃತ್ತಿಯ ಆರಂಭದ ದಿನಗಳಲ್ಲಿ ಒಂದು ಮನೆತನದವರು ಓಲೆಯ ಕಟ್ಟೊಂದನ್ನು ತೋರಿಸಿದರು. ಒಂದು ಶ್ರಾವಕಾಚಾರದ ಪ್ರತಿ, ಗರಿಗಳು ಚೆನ್ನಾಗಿದ್ದವು. ಕೊನೆಯಲ್ಲಿ ಶಕ ೧೪೦೧, ಪ್ರಮಾಥಿ ಸಂವತ್ಸರ ಎಂದಿತ್ತು. ಅಷ್ಟು ಹಳೆಯ ಪ್ರತಿ ಕೈಗೆ ಬಂದಿತೆಂಬ ಹರ್ಷದಲ್ಲಿ ಕ್ರಿ.ಶ. ೧೪೭೯ ಎಂದು ಟಿಪ್ಪಣಿ ಬರೆದು ಅಚ್ಚಿಗೆ ಕೊಟ್ಟೆ. ತಿಂಗಳುಗಳ ಮೇಲೆ ಹಿರಿಯ ಪಂಡಿತರೊಬ್ಬರು ಒಂದು ಅಂಚೆಕಾರ್ಡು ಬರೆದರು, ಅದರಲ್ಲಿದ್ದುದು ಒಂದೇ ಪ್ರಶ್ನೆ: “ಶಕ ೧೪೦೧ ವಿಕಾರಿಯಲ್ಲವೆ?” ಹೌದು, ವಿಕಾರಿ. ಪ್ರಮಾಥಿ ಬರುವುದು ಶಕ ೧೫೦೧ಕ್ಕೆ, ಕ್ರಿ.ಶ. ೧೫೭೯ಕ್ಕೆ. ಓಡಿಹೋಗಿ ಗರಿಯನ್ನು ಬೆಳಕಿಗೆ ಹಿಡಿದು ನೋಡಿದೆ. ೫ರ ಅಂಕಿಯ ಮೇಲೆ ಬೇರೊಂದು ಕಂಠದ ಮೊನೆ ಆಡಿ ಅದನ್ನು ೪ ಮಾಡಿತ್ತು; ಮಸಿಯ ಹೊಳಪೂ ಬೇರೆ. ಯಾರೋ ತಮ್ಮ ಮನೆಯ ಪ್ರತಿಗೆ ನೂರು ವರ್ಷ ಹೆಚ್ಚು ಪ್ರಾಚೀನತೆಯನ್ನು ಬಯಸಿದ್ದರು. ಅಂಕಿಯನ್ನು ತಿದ್ದಿದವರು ಸಂವತ್ಸರವನ್ನು ತಿದ್ದಲು ಮರೆತರು. ಅರವತ್ತರ ಚಕ್ರ ನೂರಕ್ಕೆ ಹೊಂದುವುದಿಲ್ಲವೆಂಬುದು ಅವರಿಗೆ ತೋಚಲಿಲ್ಲ. ಲೆಕ್ಕ ಹಾಕಿ ನೋಡಬೇಕಾದ ನಾನೂ ನೋಡಲಿಲ್ಲ. ತಿದ್ದುಪಡಿಯನ್ನು ಪ್ರಕಟಿಸಿದೆನಾದರೂ ಆ ತಪ್ಪು ಇಸವಿ ಅಷ್ಟರಲ್ಲೇ ಇನ್ನೊಬ್ಬರ ಪಟ್ಟಿಯನ್ನು ಸೇರಿತ್ತು. ಅಲ್ಲಿಂದ ಅದನ್ನು ಕೀಳ್ಳುವುದು ನನ್ನಿಂದ ಆಗಿಲ್ಲ.

ವಾಲ್ಪೋಲನು ತನ್ನ ಅಂಕಿಯನ್ನು ತಾನೇ ಸರಿಪಡಿಸಿದನೆಂಬುದು ಅವನ ಪರವಾಗಿ ಹೇಳಬೇಕಾದ ಮಾತು. ಪುಸ್ತಕಕ್ಕೆ ಆದರ ದೊರೆತ ಮೇಲೆ, ೧೭೬೫ರ ಏಪ್ರಿಲಿನಲ್ಲಿ ಬಂದ ಎರಡನೆಯ ಮುದ್ರಣದಲ್ಲಿ ಮಾರ್ಷಲನ ವೇಷವನ್ನು ಕಳಚಿ, ಕ್ಷಮೆ ಕೇಳಿ, ‘ಗಾಥಿಕ್ ಕಥೆ’ ಎಂಬ ಉಪಶೀರ್ಷಿಕೆಯನ್ನು ಸೇರಿಸಿದನು. ಹಳೆಯ ಬಗೆಯ ಅದ್ಭುತವನ್ನೂ ಹೊಸ ಬಗೆಯ ಸಹಜತೆಯನ್ನೂ ಬೆರೆಸುವ ಪ್ರಯತ್ನ ತನ್ನದೆಂದು ವಿವರಿಸಿದನು. ಮೊದಲೇ ಹೇಳಬಹುದಾಗಿದ್ದ ಮಾತು. ಗೆದ್ದ ಮೇಲೆ ಹೇಳಿದನು. ಆಗ ಕೆಲವು ಓದುಗರು ಮೋಸಹೋದುದಕ್ಕೆ ಮುನಿದರಂತೆ. ಅವರ ಮುನಿಸು ನನಗೆ ಅರ್ಥವಾಗುತ್ತದೆ.

ಇದಾದ ನಾಲ್ಕು ವರ್ಷಗಳಿಗೆ, ೧೭೬೯ರ ಮಾರ್ಚಿನಲ್ಲಿ, ಬ್ರಿಸ್ಟಲ್ ನಗರದಿಂದ ವಾಲ್ಪೋಲನಿಗೊಂದು ಪತ್ರ ಬಂದಿತು. ಹದಿನೈದನೆಯ ಶತಮಾನದ ಥಾಮಸ್ ರೌಲಿ ಎಂಬ ಪಾದ್ರಿ ಚಿತ್ರಕಲೆಯನ್ನು ಕುರಿತು ಬರೆದ ಪ್ರಾಚೀನ ಲೇಖನದ ಪ್ರತಿಯೆಂದು ಹೇಳಿ ಕಳುಹಿಸಿದವನು ಥಾಮಸ್ ಚಾಟರ್ಟನ್. ರೌಲಿಯೂ ಮುರಾಲ್ಟೋವಿನಂತೆ ಇರದ ವ್ಯಕ್ತಿ. ಚಾಟರ್ಟನ್ನನ ವಯಸ್ಸು ಹದಿನಾರು, ತಂದೆಯಿಲ್ಲದ ಹುಡುಗ, ವಕೀಲನೊಬ್ಬನ ಬಳಿ ಗುಮಾಸ್ತೆಯ ಕೆಲಸ ಕಲಿಯುತ್ತಿದ್ದವನು. ಊರಿನ ಚರ್ಚಿನ ಹಳೆಯ ಪೆಟ್ಟಿಗೆಗಳಿಂದ ಮನೆಗೆ ಬಂದಿದ್ದ ಚರ್ಮಪತ್ರಗಳನ್ನು ನೋಡುತ್ತ ಬೆಳೆದು, ಹಳೆಯ ಅಕ್ಷರವನ್ನೂ ಹಳೆಯ ಕಾಗುಣಿತವನ್ನೂ ಕೈವಶ ಮಾಡಿಕೊಂಡಿದ್ದನು. ವಾಲ್ಪೋಲನು ಮೊದಲು ಸೌಜನ್ಯದಿಂದ ಉತ್ತರಿಸಿದನು. ಹುಡುಗನ ಬಡತನ ಗೊತ್ತಾಯಿತು. ಕವಿ ಗ್ರೇ ಮತ್ತು ಮೇಸನರು ಲೇಖನ ಕೃತಕವೆಂದರು. ಆಗ ವಾಲ್ಪೋಲನು ನಿನ್ನ ವೃತ್ತಿಯನ್ನು ನೋಡಿಕೊಳ್ಳೆಂದು ಬುದ್ಧಿ ಹೇಳಿದನು. ಕಾಗದಗಳನ್ನು ಹಿಂತಿರುಗಿಸಲು ತಿಂಗಳುಗಳು ಹಿಡಿದವು. ಮರುವರ್ಷ ಆಗಸ್ಟ್ ೨೪ರಂದು ಲಂಡನ್ನಿನ ಅಟ್ಟದ ಕೋಣೆಯೊಂದರಲ್ಲಿ ಚಾಟರ್ಟನ್ ವಿಷದಿಂದ ಸತ್ತನು, ಹದಿನೆಂಟು ತುಂಬಿರಲಿಲ್ಲ.

ಈ ಸಾವಿಗೆ ವಾಲ್ಪೋಲನೇ ಹೊಣೆಯೆಂದು ಅಂದಿನವರು ಕೆಲವರು ಆರೋಪಿಸಿದರು; ೧೭೭೯ರಲ್ಲಿ ಆತ ತನ್ನ ಸಮರ್ಥನೆಯನ್ನು ಅಚ್ಚುಮಾಡಿಸಿದನು. ಪತ್ರವ್ಯವಹಾರಕ್ಕೂ ಸಾವಿಗೂ ನಡುವೆ ವರ್ಷಕ್ಕೂ ಹೆಚ್ಚಿನ ಅಂತರವಿದೆ, ಆರೋಪ ಅತಿಯಾಯಿತು. ಕೃತಕವನ್ನು ಕೃತಕವೆಂದು ಗುರುತಿಸಿದ್ದರಲ್ಲಿ ತಪ್ಪೇನೂ ಇಲ್ಲ. ಆ ಕೆಲಸವನ್ನು ನಾವೆಲ್ಲ ಮಾಡಲೇಬೇಕು. ನನ್ನನ್ನು ಕಾಡುವುದು ಬೇರೆ. ಒಬ್ಬ ಶ್ರೀಮಂತನು ಇಲ್ಲದ ಪಾದ್ರಿಯನ್ನು ಕಲ್ಪಿಸಿದರೆ ವಿನೋದ, ನೂತನ ಸಾಹಿತ್ಯಪ್ರಕಾರದ ಜನನ. ಬಡ ಹುಡುಗನು ಇಲ್ಲದ ಪಾದ್ರಿಯನ್ನು ಕಲ್ಪಿಸಿದರೆ ಕಪಟ. ರೌಲಿಯ ಪದ್ಯಗಳು ಹದಿನೈದನೆಯ ಶತಮಾನದವಲ್ಲವೆಂದು ಥಾಮಸ್ ಟರ್ವಿಟ್ ೧೭೭೮ರಲ್ಲಿ ಭಾಷೆಯ ಆಧಾರದಿಂದ ತೋರಿಸಿಕೊಟ್ಟ ಮೇಲೆಯೂ ಅವುಗಳ ಕಾವ್ಯಗುಣವನ್ನು ಮೆಚ್ಚುವವರು ಮೆಚ್ಚುತ್ತಲೇ ಬಂದಿದ್ದಾರೆ. “ಇದು ಹಳೆಯದಲ್ಲ, ಆದರೆ ನಿನ್ನ ಹೆಸರಿನಲ್ಲೇ ಬರೆ” ಎಂಬ ಒಂದು ಮಾತನ್ನು ಬರೆಯಲು ಎಲ್ಲರಿಗಿಂತ ಹೆಚ್ಚು ಅರ್ಹತೆಯಿದ್ದವನು ಮಾರ್ಷಲನ ವೇಷವನ್ನು ಕಳಚಿದ ಆ ಮನುಷ್ಯನೇ. ಆತ ಬರೆಯಲಿಲ್ಲ.

ಯುಗಾದಿ ಕಳೆದ ಮೇಲೆ ತರುಣ ಮಿತ್ರರು ಮತ್ತೆ ಬಂದರು. ಈ ಸಲ ದುರ್ಗದ ನಕ್ಷೆ ತಂದಿದ್ದರು. ಏಳು ಬುರುಜು, ಮೂರು ಸುತ್ತು, ಎರಡು ಸುರಂಗ. ನೀರು ಎಲ್ಲಿಂದ ಎಂದು ಕೇಳಿದೆ. ಕೆರೆಯಾಗಲಿ ದೊಣೆಯಾಗಲಿ ನಕ್ಷೆಯಲ್ಲಿರಲಿಲ್ಲ. ಬೆಟ್ಟದ ಮೇಲಿನ ಕೋಟೆಗೆ ಮೊದಲು ದೊಣೆ, ಆಮೇಲೆ ಬುರುಜು ಎಂದು ಹೇಳಿ, ಆ ನೀರನ್ನು ಹೊರುವವರು ಯಾರೆಂದು ತಿಳಿದರೆ ಪಾತ್ರಗಳಲ್ಲಿ ಅರ್ಧದಷ್ಟು ತಾವಾಗಿಯೇ ಬರುತ್ತವೆ ಎಂದೆ. ಹೆಸರುಗಳ ಪಟ್ಟಿಯಲ್ಲಿ ಅವರೇ ಮೂವತ್ತನ್ನು ಹೊಡೆದುಹಾಕಿದ್ದರು, ಉಳಿದವು ಒಂಬತ್ತು. ಹಸ್ತಪ್ರತಿಯ ಪೀಠಿಕೆಯನ್ನು ಬಿಡಲು ಮಾತ್ರ ಮನಸ್ಸಿರಲಿಲ್ಲ. ಚಾಟರ್ಟನ್ನನ ಸಂಗತಿಯನ್ನು ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ಇದು ಸುಳ್ಳೆಂದು ಮೊದಲ ಪುಟದಲ್ಲೇ ಬರೆದುಬಿಡಲೇ?” ಎಂದರು.

ಬರೆಯಬೇಕಾಗಿಲ್ಲ ಎಂದೆ. ಪೀಠಿಕೆ ಇರಲಿ, ಓಲೆಯೂ ಇರಲಿ, ಗರಿಗಳ ಉದ್ದ ಅಗಲಗಳೂ ಇರಲಿ. ಪುಷ್ಪಿಕೆಯಲ್ಲಿ ಮಾತ್ರ ಶಕ ೧೪೦೧, ಪ್ರಮಾಥಿ ಸಂವತ್ಸರ ಎಂದು ಹಾಕಿ, ಬಲ್ಲವರು ನೋಡಿಕೊಳ್ಳುತ್ತಾರೆ ಎಂದೆ. ಅವರು ಚೀಟಿ ತೆಗೆದು ಬರೆದುಕೊಂಡರು.